ಕೋಟೆ ನೋಡಿಯಾಯಿತು, ಇನ್ನೇನು? ದುರ್ಗ–ದಾವಣಗೆರೆ ಸುತ್ತ ಒಂದು ದಿನದ ದಾರಿಗಳು

ಏಳುಸುತ್ತಿನ ಕೋಟೆ, ಓಬವ್ವನ ಕಿಂಡಿ, ವಾಪಸ್ ಬರುವಾಗ ಬೆಣ್ಣೆದೋಸೆ. ಮನೆಗೆ ಬಂದ ನೆಂಟರನ್ನು ಸುತ್ತಿಸುವ ಕೆಲಸ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಇದೇ ಎರಡು ಜಿಲ್ಲೆಗಳಲ್ಲಿ 250 ಕೋಟಿ ವರ್ಷದ ಹಿಂದೆ ನೀರಿನಡಿ ಹೆಪ್ಪುಗಟ್ಟಿದ ಲಾವಾ ಇದೆ, ಅಶೋಕ ಕೊರೆಸಿದ ಮೂರು ಶಾಸನಗಳಿವೆ, ಶಿವಾಜಿಯ ತಂದೆಯ ಸಮಾಧಿ ಇದೆ. ಇವುಗಳ ಕಷ್ಟವೆಂದರೆ, ನೋಡಿದ ಕೂಡಲೇ ಬೆರಗಾಗುವಂತೆ ಯಾವುದೂ ಇಲ್ಲ. ಏನು ನೋಡಬೇಕೆಂದು ಗೊತ್ತಿಲ್ಲದೆ ಹೋದರೆ ಹತ್ತು ನಿಮಿಷಕ್ಕೆ "ಬರೀ ಕಲ್ಲು" ಅಂದು ಕಾರು ಹತ್ತುವುದೇ ಆಗುತ್ತದೆ. ಹಾಗಾಗಿ ದಾರಿಯ ಜೊತೆಗೆ, ಹೋಗಿ ನಿಂತ ಮೇಲೆ ಕಣ್ಣು ಎಲ್ಲಿಡಬೇಕು ಎಂಬುದನ್ನೂ ಇಲ್ಲಿ ಹೇಳಿದೆ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ಹನ್ನೊಂದು ಗಂಟೆಗೇ ಬಂಡೆ ಕಾದು ಕೈಯಿಡಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಗಿಂತ ಗಾಳಿ ಜಾಸ್ತಿ. ನಡೆಯಲು ಹಿತ, ಆದರೆ ಮೋಡ ಕವಿದ ದಿನ ಶಾಸನದ ಅಕ್ಷರ ಕಾಣಿಸುವುದಿಲ್ಲ. ಕಾರಣ ಸರಳ: ತೆಳುವಾಗಿ ಕೊರೆದ ಅಕ್ಷರ ಕಾಣುವುದು ಅದರ ನೆರಳಿನಿಂದ, ನೆರಳು ಬೀಳಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಬಯಲಿನ ಕಲ್ಲನ್ನು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ನೋಡಿ. ಸೂರಿನ ಕೆಳಗಿನ ಕಲ್ಲಿಗೆ ಟಾರ್ಚ್ ಬೇಕು. ಟಾರ್ಚನ್ನು ಕಲ್ಲಿನ ಎದುರು ಹಿಡಿಯಬೇಡಿ. ಅಕ್ಷರಗಳಿಂದ ಒಂದಡಿ ದೂರದಲ್ಲಿ, ಕಲ್ಲಿನ ಮೈಗೆ ಒತ್ತಿದಂತೆ ಅಡ್ಡ ಹಿಡಿದು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಸಪಾಟಾಗಿದ್ದ ಕಲ್ಲಿನ ಮೇಲೆ ಸಾಲುಗಳು ಎದ್ದು ಬರುತ್ತವೆ. ಕಾಣಲಿಲ್ಲವೆಂದು ಸೀಮೆಸುಣ್ಣ ಉಜ್ಜುವವರು, ನೀರು ಎರಚುವವರು ಇದ್ದಾರೆ. ಎರಡೂ ಕಲ್ಲನ್ನು ಹಾಳು ಮಾಡುತ್ತವೆ. ಸಂರಕ್ಷಿತ ಸ್ಮಾರಕವಾದರೆ ಅದು ಅಪರಾಧವೂ ಹೌದು.

ತಲೆಗೆ ಮೂರು ಲೀಟರ್ ನೀರು, ಟೋಪಿ, ಹಿಮ್ಮಡಿ ಮುಚ್ಚುವ ಬೂಟು. ಜಾಲಿಮುಳ್ಳು ತೆಳು ಚಪ್ಪಲಿಯನ್ನು ತೂರಿ ಬರುತ್ತದೆ, ಬೈಕಿನ ಟಯರನ್ನೂ ಬಿಡುವುದಿಲ್ಲ. ಬೈಕಿನಲ್ಲಿ ಹೋಗುವವರು ಪಂಕ್ಚರ್ ಕಿಟ್ ಇಟ್ಟುಕೊಳ್ಳಿ. ಗುಡ್ಡದ ಮರೆಯಲ್ಲಿ ಮೊಬೈಲ್ ನೆಟ್‌ವರ್ಕ್ ಹೋಗುತ್ತದೆ, ಫೋನ್‌ಪೇ ನಂಬಿ ಕೂರಬೇಡಿ, ಐನೂರು ರೂಪಾಯಿಯಷ್ಟು ಚಿಲ್ಲರೆ ನೋಟು ಜೇಬಲ್ಲಿರಲಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಆದರೂ ಕಣ್ಣುಮುಚ್ಚಿ ಅದರ ಹಿಂದೆ ಹೋಗಬೇಡಿ: ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ನಿರ್ವಹಣೆಗೆ ಮಾಡಿದ ಮಣ್ಣು ರಸ್ತೆಗಳು ತುಂಬ ಇವೆ. ಮ್ಯಾಪಿನಲ್ಲಿ ಅವು ಹತ್ತಿರದ ದಾರಿಯಂತೆ ಕಾಣುತ್ತವೆ, ಕೊನೆಗೆ ಯಾವುದೋ ಫ್ಯಾನಿನ ಬುಡದಲ್ಲಿ ತಂದು ನಿಲ್ಲಿಸುತ್ತವೆ.

ಹೆಜ್ಜೇನು ಮತ್ತು ಕರಡಿ, ಇವೆರಡರ ಬಗ್ಗೆ ಮಾತ್ರ ಹುಡುಗಾಟ ಬೇಡ. ಬಂಡೆಯ ಮುಂಚಾಚು, ಹಳೇ ಮಂಟಪದ ಸೂರು ಕಂಡರೆ ಮೊದಲು ತಲೆಯೆತ್ತಿ ನೋಡಿ. ಗೂಡಿದ್ದರೆ ಹೊಗೆ, ಸೆಂಟು, ಡ್ರೋನು ಯಾವುದೂ ಬೇಡ. ಕರಡಿಗಳು ಬಂಡೆ ಸಂದಿನ ಗುಹೆಯಲ್ಲಿ ಹಗಲು ಮಲಗಿ, ಮುಸ್ಸಂಜೆಯಿಂದ ಮುಂಜಾನೆಯವರೆಗೆ ಓಡಾಡುತ್ತವೆ. ಕತ್ತಲಲ್ಲಿ ಗುಡ್ಡ ಹತ್ತುವುದು, ಗೊತ್ತಿಲ್ಲದ ಗುಹೆಯೊಳಗೆ ಇಣುಕುವುದು ಬೇಡ.

ಅಕ್ಷರಗುಂಡಿನ ದಿನ: ಮೊಳಕಾಲ್ಮೂರು ಕಡೆ

ಒಂದೇ ದಿನ ಬಿಡುವಿದ್ದರೆ ಅಶೋಕನ ಮೂರು ಶಾಸನಗಳ ಈ ದಾರಿ ಹಿಡಿಯಿರಿ. ದುರ್ಗದಿಂದ ಚಳ್ಳಕೆರೆ, ಅಲ್ಲಿಂದ ಬಳ್ಳಾರಿ ಹೆದ್ದಾರಿ. ಹೋಗಿಬರಲು 200 ಕಿ.ಮೀ. ಆಸುಪಾಸು. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಏಳಕ್ಕೆ ಗುಡ್ಡದ ಬುಡದಲ್ಲಿರುತ್ತೀರಿ. ಬಸ್ಸಿನಲ್ಲೂ ಹೋಗಬಹುದು, ಆದರೆ ರಾಂಪುರದಲ್ಲೋ ಮೊಳಕಾಲ್ಮೂರಿನಲ್ಲೋ ಇಳಿದು ಇಡೀ ದಿನಕ್ಕೆ ಆಟೋ ಮಾತಾಡಿಕೊಳ್ಳಬೇಕು. ಮೂರು ಜಾಗದ ಹೆಸರನ್ನೂ ಮೊದಲೇ ಹೇಳಿ ದರ ಕುದುರಿಸಿ. ಒಂದನ್ನು ಮುಗಿಸಿ ಇನ್ನೊಂದನ್ನು ಕೇಳಿದರೆ ದರ ಏರುತ್ತ ಹೋಗುತ್ತದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ: ಈ ಮೂರು ಕಡೆ ಅಶೋಕನ ಶಾಸನಗಳಿವೆ ಎಂದು 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಹೊರಗೆ ತಂದರು. ಆದರೆ ಊರವರಿಗೆ ಆ ಕಲ್ಲುಗಳು ಅದಕ್ಕೂ ಮೊದಲೇ ಗೊತ್ತಿದ್ದವು. ಬ್ರಹ್ಮಗಿರಿಯದು ಅಕ್ಷರಗುಂಡು, ಅದರ ಅಕ್ಷರಗಳಿಗೆ ರೋಗ ವಾಸಿ ಮಾಡುವ ಗುಣವಿದೆಯೆಂಬ ನಂಬಿಕೆಯಿತ್ತು. ಸಿದ್ದಾಪುರದ್ದಕ್ಕೆ ಎಮ್ಮೆ ಕಾಯುವ ತಿಮ್ಮಯ್ಯನ ಹೆಸರು. ಜಟಿಂಗ ರಾಮೇಶ್ವರದ್ದು ಬಳೆಗಾರಗುಂಡು, ಜಾತ್ರೆಯ ಹೊತ್ತಿಗೆ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ ಅದು.

ಮೊದಲು ಜಟಿಂಗ ರಾಮೇಶ್ವರ ಹತ್ತಿ, ಬಿಸಿಲೇರಿದ ಮೇಲೆ ಆಗುವುದಿಲ್ಲ. ಮೆಟ್ಟಿಲಿವೆ. ನಿಧಾನಕ್ಕೆ ಹತ್ತುವವರು ಒಂದು ಗಂಟೆ ಲೆಕ್ಕ ಹಾಕಿಕೊಳ್ಳಿ, ಮಂಡಿನೋವಿನವರು ಕೆಳಗೇ ಉಳಿಯುವುದು ಲೇಸು. ರಾವಣನೊಡನೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಎಂಬ ಸ್ಥಳಪುರಾಣ ಗುಡ್ಡಕ್ಕೆ ಹೆಸರು ಕೊಟ್ಟಿದೆ. ಶಾಸನದ ಮಟ್ಟಿಗೆ ಆಸೆ ಇಟ್ಟುಕೊಳ್ಳಬೇಡಿ, ಮೂರರಲ್ಲಿ ಅತಿ ಹೆಚ್ಚು ಸವೆದಿರುವುದು ಇದು. ಇಲ್ಲಿಗೆ ಹತ್ತುವುದು ಕೆಳಗಿನ ಬಯಲನ್ನು ನೋಡಲಿಕ್ಕೆ. ಬ್ರಹ್ಮಗಿರಿ ಎಲ್ಲಿ, ಸಿದ್ದಾಪುರ ಎಲ್ಲಿ ಎಂದು ಮೇಲಿನಿಂದ ಒಮ್ಮೆ ಗುರುತಿಸಿಕೊಂಡರೆ ಆಮೇಲೆ ದಾರಿ ಕೇಳುವ ಕೆಲಸ ಅರ್ಧ ಕಡಿಮೆ.

ಇಳಿದು ಬ್ರಹ್ಮಗಿರಿಗೆ ಬನ್ನಿ. ಬಂಡೆಗೆ ಕಟ್ಟಡದ ರಕ್ಷಣೆ ಇದೆ. ಬಾಗಿಲಿಗೆ ಬೀಗ ಕಂಡರೆ ತಿರುಗಿ ಹೋಗಬೇಡಿ, ಊರಲ್ಲಿ "ಅಶೋಕನ ಶಾಸನ ನೋಡ್ಕೊಳ್ಳೋರು ಯಾರಣ್ಣ?" ಎಂದು ಕೇಳಿ. ಒಳಗೆ ಹೋದ ಮೇಲೆ ಎಲ್ಲ ಓದಲು ಹೊರಡಬೇಡಿ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಐದು ಅಕ್ಷರ ಕಲಿತು ಹೋದರೆ ಸಾಕು: ಕೂಡುವ ಗುರುತಿನ ಹಾಗಿರುವುದು ಕ, ಮನೆಯ ಸೂರಿನ ಹಾಗೆ ಎರಡು ಓರೆಗೆರೆ ಕೂಡಿರುವುದು ಗ, ಬರೀ ನೆಟ್ಟಗಿನ ಗೆರೆ ರ, ತಲೆ ತೆರೆದ ಎಂಟರಂತಿರುವುದು ಮ, ಅಡ್ಡಗೆರೆಯ ಮೇಲೆ ನಿಲ್ಲಿಸಿದ ಕಂಬ ನ. ಕನ್ನಡ ಅಕ್ಷರಗಳ ಮೂಲವೂ ಇದೇ ಲಿಪಿ. ಮಕ್ಕಳಿಗೆ ಈ ಐದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು "ಎಷ್ಟು 'ಕ' ಸಿಗುತ್ತವೆ ನೋಡು" ಎಂದರೆ ಅರ್ಧ ಗಂಟೆ ಅವರು ಅಲ್ಲಾಡುವುದಿಲ್ಲ.

ಒಕ್ಕಣೆ ಸರ್ಕಾರಿ ಪತ್ರದಂತೆಯೇ ಶುರುವಾಗುತ್ತದೆ. ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆ. ಇಸಿಲ ಎಂದರೆ ಈ ಜಾಗವೇ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬುದು ಹೂರಣ. ನಿಜವಾದ ಸ್ವಾರಸ್ಯ ಇರುವುದು ಕೊನೆಯಲ್ಲಿ. ಬರೆದವನು ಚಪಡ ಎಂಬ ಲಿಪಿಕಾರ. ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಹಾಕಿ, "ಲಿಪಿಕರೇಣ" ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಖರೋಷ್ಠಿ ದೂರದ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮೂರು ಸೀಮೆಯಲ್ಲಿ ಅದನ್ನು ಓದುವವರು ಆಗ ಯಾರಿದ್ದರೋ! ನನಗೆ ಇದೂ ಬರುತ್ತದೆ ಎಂದು ತೋರಿಸಿಕೊಂಡಂತಿದೆ. ಟಾರ್ಚನ್ನು ಕೊನೆಯ ಭಾಗಕ್ಕೆ ಹಿಡಿದು, ಉಳಿದವಕ್ಕಿಂತ ಬೇರೆ ಥರ ಬಳುಕುವ ಅಕ್ಷರಗಳನ್ನು ಹುಡುಕಿ.

ಹೊರಗೆ ಬಂದು ಗುಡ್ಡದ ತಪ್ಪಲಿನಲ್ಲಿ ಸುತ್ತಾಡಿದರೆ ಗುಂಡುಕಲ್ಲುಗಳನ್ನು ವೃತ್ತಾಕಾರದಲ್ಲಿ ಜೋಡಿಸಿದ್ದು, ನಡುವೆ ಚಪ್ಪಡಿ ನಿಲ್ಲಿಸಿದ್ದು ಕಂಡೀತು. ಅವು ಬೃಹತ್‌ಶಿಲಾಯುಗದ ಗೋರಿಗಳು. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಇರುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆದಾಗ ಕಲ್ಲುಕೊಡಲಿಯ ಜನ, ಗೋರಿ ಕಟ್ಟಿದ ಜನ, ಶಾತವಾಹನರ ಕಾಲದ ಜನ ಒಬ್ಬರ ಮೇಲೊಬ್ಬರು ಬದುಕಿದ ಪದರಗಳು ಸಿಕ್ಕವು. ದಕ್ಷಿಣ ಭಾರತದ ಪ್ರಾಚೀನ ಕಾಲಮಾನ ಕಟ್ಟಲು ಅದೊಂದು ಆಧಾರವಾಯಿತು. ಬೆಳೆ ನಿಂತ ಹೊಲ ತುಳಿಯಬೇಡಿ, ಬದುವಿನ ಮೇಲೆ ನಡೆಯಿರಿ. ಹೊಲದವರು ಕಂಡರೆ ಮೊದಲೇ ಒಂದು ಮಾತು ಕೇಳಿ. ಮಡಕೆ ಚೂರು ಕಣ್ಣಿಗೆ ಬಿದ್ದರೆ ಅಲ್ಲೇ ಬಿಡಿ. ಜೇಬಿಗೆ ಸೇರಿದ ಚೂರು ಯಾವ ಪದರದ್ದೆಂದು ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ.

ಸಿದ್ದಾಪುರದ ಬಂಡೆ ಇಲ್ಲಿಂದ ಒಂದೆರಡು ಕಿ.ಮೀ. ಒಕ್ಕಣೆ ಹೆಚ್ಚುಕಡಿಮೆ ಅದೇ, ಹಾಗಾಗಿ ಸುಸ್ತಾಗಿದ್ದರೆ ಬಿಡಬಹುದು.

ಮಧ್ಯಾಹ್ನದ ಬಿಸಿಲಿಗೆ ಮೊಳಕಾಲ್ಮೂರಿನ ಮಗ್ಗದ ಮನೆಗಳಷ್ಟು ತಂಪಾದ ಜಾಗವಿಲ್ಲ. ಇಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಸೀರೆ ತಿರುವಿ ಹಿಂಬದಿ ನೋಡಿ, ಕೈಮಗ್ಗದ ನೇಯ್ಗೆಯ ಗುಟ್ಟು ಅಲ್ಲೇ ಕಾಣುತ್ತದೆ. ರೇಷ್ಮೆ ಹೌದೋ ಅಲ್ಲವೋ ಎಂಬ ಅನುಮಾನಕ್ಕೆ, ಸೆರಗಿನ ಕುಚ್ಚಿನಿಂದ ಒಂದೆಳೆ ಕೇಳಿ ಪಡೆದು ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಗಟ್ಟಿ ಗುಂಡಾಗಿ ಅಂಟಿದರೆ ಪಾಲಿಯೆಸ್ಟರ್. ಕೊಳ್ಳುವ ಮನಸ್ಸಿಲ್ಲದಿದ್ದರೆ ಹತ್ತು ಸೀರೆ ಬಿಚ್ಚಿಸಬೇಡಿ. ಅವನ್ನು ಮತ್ತೆ ಮಡಿಸುವುದೂ ಅವರದೇ ಕೆಲಸ.

ಚಳ್ಳಕೆರೆಯಲ್ಲಿ ಊಟಕ್ಕೆ ನಿಲ್ಲಬಹುದು. ಹತ್ತಿರದ ಕುದಾಪುರದ ಬಳಿ ಇಸ್ರೋದ ಮರುಬಳಕೆ ರಾಕೆಟ್ 'ಪುಷ್ಪಕ್' 2024ರಲ್ಲಿ ಇಳಿದ ರನ್‌ವೇ ಇದೆ. ನೋಡಿಬರೋಣ ಎಂದು ಹೊರಡಬೇಡಿ, ಅದು ರಕ್ಷಣಾ ಸಂಶೋಧನೆಯ ಪರೀಕ್ಷಾ ವಲಯ, ಸಾರ್ವಜನಿಕರಿಗೆ ಪ್ರವೇಶವಿಲ್ಲ.

ದಿಂಬಿನಂಥ ಬಂಡೆ, ಗೇಟಿಲ್ಲದ ಅಣೆಕಟ್ಟು: ಹಿರಿಯೂರು ಕಡೆ

ದುರ್ಗದಿಂದ ಬೆಂಗಳೂರು ಹೆದ್ದಾರಿಯಲ್ಲಿ ಐಮಂಗಲದ ಕಡೆ ಹೋಗಿ ಮರಡಿಹಳ್ಳಿ ಕೇಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 1976ರಲ್ಲಿ ಇಲ್ಲಿನ ಪಿಲ್ಲೋ ಲಾವಾವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. "ಪಿಲ್ಲೋ ಲಾವಾ ಎಲ್ಲಿ?" ಎಂದರೆ ಉತ್ತರ ಸಿಗುವ ಭರವಸೆ ಇಲ್ಲ. "ಸರ್ಕಾರದೋರು ಬೋರ್ಡ್ ಹಾಕಿರೋ ಬಂಡೆ ಎಲ್ಲೈತಿ?" ಎಂದು ಕೇಳಿ.

ಅಲ್ಲಿ ಕಾಣುವುದು ಮೂಟೆಗಳನ್ನು ಒಂದರ ಮೇಲೊಂದು ಒಟ್ಟಿದಂಥ ಹಸಿರುಗಪ್ಪು ಬಂಡೆ. ಲಾವಾ ನೀರಿನಡಿ ನಿಧಾನವಾಗಿ ಉಕ್ಕಿದಾಗ ಹೊರಮೈ ತಕ್ಷಣ ತಣಿದು ಸಿಪ್ಪೆ ಕಟ್ಟಿತು. ಒಳಗಿನ ಬಿಸಿದ್ರವ ಸಿಪ್ಪೆ ಒಡೆದು ಪಕ್ಕಕ್ಕೆ ಇನ್ನೊಂದು ಉಂಡೆಯಾಗಿ ಚಿಮ್ಮಿತು, ಅದಕ್ಕೂ ಸಿಪ್ಪೆ. ಹೀಗೆ ಒಂದರ ಮೇಲೊಂದು. ಒಂದು ದಿಂಬನ್ನು ಆರಿಸಿಕೊಂಡು ಸುತ್ತ ನೋಡಿ: ಅಂಚಿನಲ್ಲಿ ನುಣುಪು ಕಣದ ತೆಳು ಸಿಪ್ಪೆ, ಒಳಗೆ ಒರಟು. ಮೇಲ್ಭಾಗ ಉಬ್ಬಿದ್ದು, ತಳ ಮಾತ್ರ ಕೆಳಗಿನ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ, ಮೆತ್ತಗಿದ್ದಾಗ ಅಲ್ಲಿಗೆ ಜಾರಿ ಕೂತದ್ದರಿಂದ. ಆ ಚೂಪು ಯಾವ ದಿಕ್ಕಿಗಿದೆಯೋ ಅದು ಆ ಕಾಲದ 'ಕೆಳಗೆ'. ಪದರಗಳು ಆಮೇಲೆ ಎಷ್ಟು ಮಗುಚಿದರೂ ಭೂವಿಜ್ಞಾನಿಗಳು ಮೇಲ್ಯಾವುದು ಕೆಳಗ್ಯಾವುದು ಎಂದು ಹೇಳುವುದು ಇದರಿಂದ. ಹಸಿರು ಬಣ್ಣ ಬಂದದ್ದು ಕಾಲಾಂತರದಲ್ಲಿ ಶಾಖ, ಒತ್ತಡಕ್ಕೆ ಹುಟ್ಟಿದ ಕ್ಲೋರೈಟ್‌ನಂಥ ಖನಿಜಗಳಿಂದ. ಇಷ್ಟು ಗೊತ್ತಿದ್ದವರಿಗೆ ಒಂದು ಗಂಟೆ ಬೇಕು. ಗೊತ್ತಿಲ್ಲದವರಿಗೆ ಸೆಲ್ಫಿಯ ಎರಡು ನಿಮಿಷ. ಸುತ್ತಿಗೆ ಒಯ್ಯಬೇಡಿ, ಚೂರು ಒಡೆಯುವ ಹಾಗಿಲ್ಲ.

ಅಲ್ಲಿಂದ ವಾಣಿವಿಲಾಸ ಸಾಗರ. ನಮ್ಮವರ ಬಾಯಲ್ಲಿ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಕಲ್ಲಿನ ಕಟ್ಟೆ ಇದು. ಏರಿಯ ಮೇಲೆ ನಿಂತು ಮೊದಲು ಗಮನಿಸಬೇಕಾದದ್ದು, ಇದಕ್ಕೆ ನೀರು ಬಿಡುವ ಸಾಲುಗೇಟುಗಳಿಲ್ಲ. ತುಂಬಿದರೆ ಪಕ್ಕದ ಕೋಡಿಯಲ್ಲಿ ತಾನಾಗಿ ಹರಿಯಬೇಕು. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಕಾದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. ಸ್ಥಳೀಯ ಪತ್ರಿಕೆಗಳಲ್ಲಿ ನೀರಿನ ಮಟ್ಟ ಬರುತ್ತಿರುತ್ತದೆ, ನೋಡಿ ಹೊರಡಿ. ಕೋಡಿ ಬಿದ್ದ ಸುದ್ದಿ ಬಂದ ಭಾನುವಾರ ಹೋದರೆ ನೀರಿಗಿಂತ ಕಾರುಗಳೇ ಹೆಚ್ಚು ಕಾಣುತ್ತವೆ. ವಾರದ ನಡುವೆ ಬೆಳಿಗ್ಗೆ ಎಂಟಕ್ಕೆ ಹೋಗಿ. ಬುಡದಲ್ಲಿ ಕಣಿವೆ ಮಾರಮ್ಮನ ಗುಡಿ ಇದೆ, ಮಂಗಳವಾರ, ಶುಕ್ರವಾರ ಜನ ಜಾಸ್ತಿ.

ಹಿರಿಯೂರು ಪೇಟೆಯೊಳಗಿನ ತೇರುಮಲ್ಲೇಶ್ವರ ಗುಡಿಯನ್ನು ದಾಟಿ ಹೋಗುವವರೇ ಎಲ್ಲ. ಒಳಗೆ ಹೋಗಿ ತಲೆಯೆತ್ತಿ: ಮುಖಮಂಟಪದ ಛಾವಣಿಯ ತುಂಬ ಹಳೆಯ ವರ್ಣಚಿತ್ರ, ಶಿವನ ಕಥೆಗಳು. ಕತ್ತು ನೋಯುತ್ತದೆ. ದುರ್ಬೀನಿದ್ದರೆ ತನ್ನಿ, ಇಲ್ಲದಿದ್ದರೆ ಫೋನಿನ ಸೆಲ್ಫಿ ಕ್ಯಾಮೆರಾವನ್ನು ಕನ್ನಡಿಯಂತೆ ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ಫ್ಲ್ಯಾಶ್ ಬೇಡ. ಗುಡಿ ಮಧ್ಯಾಹ್ನ ಮುಚ್ಚಿರುತ್ತದೆ, ಹನ್ನೊಂದರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗುವುದು ಕ್ಷೇಮ.

ಕೊಳ, ಕೆರೆ, ಸಮಾಧಿ: ಚನ್ನಗಿರಿ ಕಡೆ

ದಾವಣಗೆರೆಯವರಿಗೆ ಇದು ಸಲೀಸು, ಒಟ್ಟು 150 ಕಿ.ಮೀ. ಸುತ್ತು. ಸಂತೇಬೆನ್ನೂರು ಮೊದಲು. ಗಾಳಿ ಏಳುವ ಮುನ್ನ, ಎಂಟು ಗಂಟೆಯೊಳಗೆ ಹೋದರೆ ಪುಷ್ಕರಣಿಯ ನಡುವಿನ ವಸಂತಮಂಟಪ ನೀರಿನಲ್ಲಿ ತಲೆಕೆಳಗಾಗಿ ಅಲುಗದೆ ನಿಂತಿರುತ್ತದೆ. ದಂಡೆಯಲ್ಲಿರುವ ಮುಸಾಫಿರ್‌ಖಾನಾ (ಪ್ರಯಾಣಿಕರ ತಂಗುದಾಣ) ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು, ಕೊಳ ಇಲ್ಲಿನ ಪಾಳೆಯಗಾರ ಹನುಮಪ್ಪ ನಾಯಕನದ್ದು. ಎರಡೂ ಒಂದೇ ಫೋಟೊದಲ್ಲಿ ಬರಬೇಕಾದರೆ ಮುಸಾಫಿರ್‌ಖಾನಾದ ಎದುರು ದಂಡೆಗೆ ಹೋಗಿ ನಿಲ್ಲಿ. ಮೆಟ್ಟಿಲು ಕಡಿದು, ಪಾಚಿ ಇರುತ್ತದೆ. ನೀರಿನ ಹತ್ತಿರದ ಮೂರು ಮೆಟ್ಟಿಲಿಗೆ ಇಳಿಯಬೇಡಿ.

ಮುಂದೆ ಸೂಳೆಕೆರೆ, ಸರ್ಕಾರಿ ಹೆಸರು ಶಾಂತಿಸಾಗರ. ಏಷ್ಯಾದ ಎರಡನೇ ದೊಡ್ಡ ಕೆರೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಬೆರಗು ಪಡಬೇಕಾದದ್ದು ಕೆರೆಯ ಅಗಲಕ್ಕಲ್ಲ, ಏರಿಯ ಗಿಡ್ಡತನಕ್ಕೆ. ಸುಮಾರು 6,500 ಎಕರೆ ನೀರನ್ನು ಹಿಡಿದಿಟ್ಟಿರುವ ಏರಿಯ ಉದ್ದ ಸಾವಿರ ಅಡಿಯೂ ಇಲ್ಲ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ನುಸುಳುವ ಇಕ್ಕಟ್ಟನ್ನೇ ಹುಡುಕಿ ಮುಚ್ಚಿದ್ದಾರೆ. ಎಂಟು ಶತಮಾನ ದಾಟಿದರೂ ಅದು ನಿಂತಿದೆ. ಏರಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ, ಸಿದ್ಧನ ತೂಬು, ಬಸವನ ತೂಬು ಎರಡನ್ನೂ ನೋಡಿ, ಆಮೇಲೆ ಕೆರೆಗೆ ಬೆನ್ನು ಮಾಡಿ ಕೆಳಗಿನ ಅಡಿಕೆ ತೋಟ, ಗದ್ದೆಗಳನ್ನು ನೋಡಿ. ಕಟ್ಟಿಸಿದ್ದು ಶಾಂತವ್ವ ಎಂಬ ರಾಜಕುಮಾರಿ ಎಂಬ ಕಥೆಯನ್ನು ದಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಒಬ್ಬೊಬ್ಬರದು ಒಂದೊಂದು ಥರ. ಈಜಲು ಇಳಿಯಬೇಡಿ, ಏರಿಯ ಬುಡದಲ್ಲಿ ಆಳ ಒಮ್ಮೆಲೇ ಹೆಚ್ಚುತ್ತದೆ.

ಚನ್ನಗಿರಿ ದಾಟಿ ಹೊದಿಗೆರೆ. ಶಿವಾಜಿಯ ತಂದೆ ಷಹಾಜಿ ಭೋಂಸ್ಲೆ 1664ರ ಜನವರಿಯಲ್ಲಿ ಈ ಸುತ್ತ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡರು. ಗುಮ್ಮಟ, ಗೋಪುರ ಹುಡುಕಬೇಡಿ, ಬಯಲಿನಲ್ಲಿ ಆವರಣದೊಳಗೆ ಸರಳವಾದ ಕಲ್ಲಿನ ಸಮಾಧಿ, ಅಷ್ಟೇ. ಮಹಾರಾಷ್ಟ್ರದಿಂದ ಇದೊಂದನ್ನೇ ನೋಡಲು ಬರುವವರಿದ್ದಾರೆ. ನಮ್ಮಲ್ಲಿ ಪಕ್ಕದ ತಾಲ್ಲೂಕಿನವರಿಗೂ ಗೊತ್ತಿಲ್ಲ. ಹದಿನೈದು ನಿಮಿಷ ಸಾಕು. ಸಮಯ ಮಿಕ್ಕರೆ ಚನ್ನಗಿರಿ ಗುಡ್ಡದ ಕೋಟೆ ಹತ್ತಿ, ಊರೊಳಗೇ ಇದೆ.

ಇನ್ನುಳಿದವು

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಪುಟ್ಟ ಕೊಳದ ಬಳಿ ಕೂತು ಬೇಡಿಕೊಂಡರೆ ಹೂವೋ ಹಣ್ಣೋ ಬಳೆಯೋ ನೀರಿನಿಂದ ತೇಲಿ ಬರುತ್ತದೆಂಬ ನಂಬಿಕೆ. ಅಮಾವಾಸ್ಯೆ, ಹುಣ್ಣಿಮೆ, ಸೋಮವಾರ ಬಿಟ್ಟು ಹೋಗಿ, ಇಲ್ಲವಾದರೆ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ. ಕುತೂಹಲಕ್ಕೆ ಹೋದವರು ಹಿಂದೆ ನಿಂತು ಸುಮ್ಮನೆ ನೋಡಿ, ಮೊಬೈಲ್ ಎತ್ತುವ ಮುನ್ನ ಅರ್ಚಕರನ್ನು ಕೇಳಿ. ಅದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ. 1997ರಿಂದ 'ಶಿವಸಂಚಾರ' ಎಂಬ ರೆಪರ್ಟರಿ ನಾಟಕ ತಂಡ ನಾಡು ಸುತ್ತುವುದು ಈ ಹಳ್ಳಿಯಿಂದ. ಖಾಲಿ ರಂಗಮಂದಿರ ನೋಡುವುದಕ್ಕಿಂತ ನವೆಂಬರ್ ಮೊದಲ ವಾರದ ನಾಟಕೋತ್ಸವಕ್ಕೆ ದಿನ ಹೊಂದಿಸಿಕೊಳ್ಳಿ. ಕಲ್ಲಿನ ಮೆಟ್ಟಿಲಲ್ಲಿ ರಾತ್ರಿ ಚಳಿ ಏರುತ್ತದೆ, ಕೂರಲೊಂದು, ಹೊದೆಯಲೊಂದು ಕಂಬಳಿ ಬೇಕು. ಹೋಗುವಾಗ ಹೊಳಲ್ಕೆರೆಯ ಬಯಲು ಗಣಪನನ್ನು ಕಂಡವರು ಹಿಂಬದಿಗೂ ಹೋಗಿ, ಬೆನ್ನ ಮೇಲೆ ಜಡೆ ಇದೆ.

ಅರ್ಧ ದಿನವಷ್ಟೇ ಇದ್ದರೆ ದುರ್ಗದ ಪಕ್ಕದ ಚಂದ್ರವಳ್ಳಿ. ಅಂಕಲಿ ಮಠದ ಗುಹೆಗಳು ಒಂದರೊಳಗೊಂದು ಇಳಿಯುತ್ತ ಹೋಗುತ್ತವೆ, ಬಾಗಿಲು ಗಿಡ್ಡ, ಒಳಗೆ ಕಗ್ಗತ್ತಲು. ಮೊಬೈಲ್ ಬೆಳಕು ಸಾಲದು, ತಲೆಗೊಂದು ಟಾರ್ಚ್, ಜೊತೆಗೆ ಸ್ಥಳೀಯ ಗೈಡ್ ಇರಲಿ. ಉಬ್ಬಸದವರು, ಇಕ್ಕಟ್ಟಿಗೆ ಹೆದರುವವರು ಮೊದಲ ಕೋಣೆಯಿಂದಲೇ ಹಿಂತಿರುಗಿ. ಗೋಡೆಯ ಗಾರೆಯ ಮೇಲೆ ಅಲ್ಲಲ್ಲಿ ಉಳಿದ ಬಣ್ಣವನ್ನು ಮುಟ್ಟಬೇಡಿ. ಹೊರಗೆ ಭೈರವೇಶ್ವರ ಗುಡಿಯ ಬಳಿ ಕದಂಬ ಮಯೂರಶರ್ಮನ ಕೆರೆಯ ಶಾಸನವಿದೆ, ಬ್ರಹ್ಮಗಿರಿಯಲ್ಲಿ ಕಲಿತ ಟಾರ್ಚಿನ ವಿದ್ಯೆ ಇಲ್ಲೂ ನಡೆಯುತ್ತದೆ.

ಕೊನೆಯದಾಗಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ, 2011ರಲ್ಲಿ ಘೋಷಣೆಯಾದ ಕೊಂಡುಕುರಿ ವನ್ಯಧಾಮ. ನಾಲ್ಕು ಕೊಂಬಿನ ಈ ಪ್ರಾಣಿ ನಾಚಿಕೆಯ ಒಂಟಿಜೀವಿ. ಸಫಾರಿ ಥರ ಎದುರಿಗೆ ಬಂದು ನಿಲ್ಲುವುದಿಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಹಿಂದಿನ ದಿನವೇ ಪಡೆದು, ಸಿಬ್ಬಂದಿಯ ಜೊತೆ ಬೆಳಗಿನ ಹೊತ್ತು ಹೋಗಿ. ಅದು ಹಿಕ್ಕೆ ಹಾಕಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಕುರುಚಲಿನ ನಡುವೆ ಹಿಕ್ಕೆಯ ಗುಡ್ಡೆ ಸಿಕ್ಕು, ಮೇಲಿನ ಪದರ ಇನ್ನೂ ಹಸಿಯಾಗಿದ್ದರೆ ಮಾತು ನಿಲ್ಲಿಸಿ ಗಾಳಿಗೆ ಎದುರಾಗಿ ಕೂತು ಅರ್ಧ ಗಂಟೆ ಕಾಯಿರಿ.